ಬಿಳಿ ನೂಲು ಬೀಳದ ಜಾಗ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ, ಈಗ ಮುಚ್ಚಿಹೋದ ಫಿಲೇಚರ್ ಶೆಡ್ಡೊಂದರ ನೆಲದ ತುಂಬ ಬಟ್ಟೆ ಹಾಸಿ, ಕಲಾವಿದೆಯೊಬ್ಬಳು ನಮ್ಮ ಊರಿನ ನಕ್ಷೆ ಬರೆದಿದ್ದಳು. ಈಗ ಇರುವುದೆಲ್ಲ ಕಪ್ಪು ಶಾಯಿಯಲ್ಲಿ, ಅಳಿದುಹೋದದ್ದು ಬಿಳಿ ರೇಷ್ಮೆ ನೂಲಿನ ಹೊಲಿಗೆಯಲ್ಲಿ. ಎಲ್ಲೆಲ್ಲಿ ಏನೇನಿತ್ತೆಂದು ನಮ್ಮಂಥ ಮುದುಕರನ್ನು ಕೇಳಿ ಹೊಲಿದಿದ್ದಳು. ಗೂಡು ಬೇಯಿಸುವುದು ನಿಂತು ವರ್ಷಗಳಾಗಿದ್ದರೂ ಅಲ್ಲಿನ ಗೋಡೆಗಳು ಸತ್ತ ಹುಳುವಿನ ವಾಸನೆ ಬಿಡುತ್ತಿದ್ದವು.

ನಮ್ಮ ಬೀದಿ ಇರುವ ಕಡೆ ಮೊದಲು ಏನಿತ್ತೆಂದು ನನ್ನನ್ನೇ ಕೇಳಿದ್ದಳು. “ಅಲ್ಲೇನಿರ್ಲಿಲ್ಲಮ್ಮ, ಬರೀ ಬೀಳು” ಎಂದಿದ್ದೆ.

ಆದರೆ ಅಲ್ಲಿ ಹಲ್ಲು ಮೂಡುವ ಮುನ್ನವೇ ತೀರಿಕೊಂಡ ಮಕ್ಕಳನ್ನು ಹೂಳುತ್ತಿದ್ದರು. ಕಲ್ಲು ನೆಡುವ ಪದ್ಧತಿಯಿಲ್ಲ. ನಾಯಿ ಕೆದಕದಂತೆ ಮೇಲೊಂದು ಜಾಲಿಮುಳ್ಳಿನ ಕೊಂಬೆ, ಅಷ್ಟೆ. ಮುಳ್ಳು ಒಣಗಿದರೆ ಗುರುತೂ ಹೋಯಿತು. ಲೇಔಟ್ ಮಾಡಲು ಬಂದವರ ಮಹಜರಿನಲ್ಲಿ, ಅದು ಬರೀ ಬೀಳೆಂದು ಸಾಕ್ಷಿ ಹಾಕಿದವನು ನಾನು. ಅದಕ್ಕಾಗಿ ಅವರು ಕೊಟ್ಟ ಸೈಟಿನಲ್ಲೇ ಮನೆ ಕಟ್ಟಿದೆ.

ಬಟ್ಟೆ ನೋಡಲು ಬಂದವರಲ್ಲಿ, ಹಿಂದೆ ಅದೇ ಶೆಡ್ಡಿನಲ್ಲಿ ನೂಲು ತೆಗೆಯುತ್ತಿದ್ದ ಮುದುಕಿಯೊಬ್ಬಳಿದ್ದಳು. ಚಪ್ಪಲಿ ಬಿಟ್ಟು ಬಟ್ಟೆಯ ಮೇಲೆ ನಡೆದಳು. ಬಸ್ ನಿಲ್ದಾಣ, ಗೂಡಿನ ಮಾರ್ಕೆಟ್ ದಾಟಿದ ಮೇಲೆ ಕಣ್ಣು ಮುಚ್ಚಿದಳು. ತೋಳುಗಳನ್ನು ಎದೆಗೆ ಮಡಚಿ, ಏನನ್ನೋ ಹೊತ್ತವಳಂತೆ ಸಣ್ಣ ಸಣ್ಣ ಹೆಜ್ಜೆ ಇಟ್ಟಳು. ನಿಂತಾಗ ಅವಳ ಪಾದದಡಿ ನನ್ನ ಮನೆ ಇತ್ತು.

“ಇಲ್ಲೇ ಕಣಮ್ಮ ನನ್ ಕೂಸು ಇಟ್ಟಿದ್ದು. ಇಲ್ಯಾಕೆ ನೂಲು ಹಾಕಿಲ್ಲ?”

“ಅಲ್ಲೇನಿರ್ಲಿಲ್ಲ ಅಂತ ಈ ತಾತ ಹೇಳಿದ್ರು ಅಜ್ಜಿ” ಎಂದಳು ಕಲಾವಿದೆ.

ಮುದುಕಿ ನನ್ನತ್ತ ನೋಡಿ ನಕ್ಕಳು. “ಅಯ್ಯೋ, ಇವರೇನ್ ಕಂಡವ್ರೆ! ಮೇಲೂರಿಂದ ಮನೆ ಅಳಿಯನಾಗಿ ಬಂದೋರು. ಮಾವನ ಮನೆ ದಾರಿ ಬಿಟ್ರೆ ಇನ್ನೊಂದು ಗೊತ್ತಿಲ್ಲ.”

ಎಲ್ಲರೂ ನಕ್ಕರು. ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನನ್ನಿಂದ ಆಗಲಿಲ್ಲ.

“ಗೊತ್ತಿತ್ತಮ್ಮ. ಅದರ ಮೇಲೇ ಮನೆ ಕಟ್ಟಿದೀನಿ.”

ಅವಳು ಬೈಯಲಿಲ್ಲ. ನಿಂತಲ್ಲಿಂದ ಕದಲಲೂ ಇಲ್ಲ. ತನ್ನ ಪಾದದ ಕಡೆ ನೋಡುತ್ತ ಕೇಳಿದಳು: “ಅಣ್ಣಾ, ಒಲೆ ಅದರ ಮೇಲಿಲ್ಲ ತಾನೆ? ಕೂಸಿಗೆ ಬಿಸಿ ತಾಗ್ತದೆ.”

ಪಾಯ ತೋಡಿದಾಗ ಅಡುಗೆಮನೆಯ ಮೂಲೆಯಲ್ಲಿ ಬೆರಳುದ್ದದ ಮೂಳೆಗಳು ಸಿಕ್ಕಿದ್ದವು. “ನಾಯಿಮರೀದು, ಮುಚ್ಚಪ್ಪ” ಎಂದು ಗಾರೆಯವನಿಗೆ ಹೇಳಿದ್ದೆ. ಆಮೇಲೆ ಅದೇ ಮೂಲೆಯಲ್ಲಿ ಒಲೆ ಹೂಡಿದೆವು.

“ಇಲ್ಲಮ್ಮ” ಎಂದೆ. “ಒಲೆ ಆ ಕಡೆ ಐತೆ.”

ಮಾರನೆಯ ದಿನವೇ ಒಲೆಯನ್ನು ಹಿತ್ತಿಲಿಗೆ ಸಾಗಿಸಿದೆ. ಮನೆಯವರು ಕಾರಣ ಕೇಳುತ್ತಲೇ ಇದ್ದಾರೆ. ಹೇಳಿಲ್ಲ. ದಿನವೂ ಆ ಮೂಲೆಗೆ ಹೋಗಿ ನೆಲ ಮುಟ್ಟಿ ನೋಡುತ್ತೇನೆ. ಇನ್ನೂ ಬೆಚ್ಚಗಿದೆ.