ಬಾಗಿಲ ಕೆಳಗಿನ ಓರೆ ಪೈಪು

ಎದುರು ಮನೆಯವರು ಹೊಸ ಗೇಟು ಹಾಕಿಸುತ್ತಿದ್ದಾರೆ. ಬೆಳಿಗ್ಗೆಯಿಂದ ಗ್ರೈಂಡರಿನ ಕಿರಿಚಾಟ, ಜೊತೆಗೆ ಕಾದ ಕಬ್ಬಿಣ ಮತ್ತು ಸುಟ್ಟ ಬಣ್ಣದ ವಾಸನೆ. ಈ ವಾಸನೆ ನಿಮಗೂ ಗೊತ್ತಿರುತ್ತದೆ. ಒಮ್ಮೆ ಮೂಗಿಗೆ ಹತ್ತಿದರೆ ಕಾಫಿಯ ರುಚಿಯನ್ನೂ ಕೆಡಿಸುತ್ತದೆ. ನಾನು ಜಗಲಿಯಲ್ಲಿ ಪೇಪರು ಓದುವ ನಾಟಕ ಮಾಡುತ್ತ ಅದನ್ನೇ ನೋಡುತ್ತಿದ್ದೆ. ಚೌಕಟ್ಟಾಯಿತು, ಸರಳುಗಳಾದವು, ಕೊನೆಗೆ ಮೂಲೆಯಿಂದ ಮೂಲೆಗೆ ಒಂದು ಓರೆ ಪಟ್ಟಿ ಬಿತ್ತು. ಅಷ್ಟಾದ ಮೇಲೆ ನನಗೆ ಅಲ್ಲಿ ಕೂರಲಾಗಲಿಲ್ಲ. ಪೇಪರು ಮಡಚಿ ಒಳಗೆ ಹೋದೆ. ಗೇಟು ನೋಡಿ ನಾಚಿಕೆಪಡುವ ಮನುಷ್ಯ ನಮ್ಮ ಸಾಗರ ಪೇಟೆಯಲ್ಲಿ ನಾನೊಬ್ಬನೇ ಇರಬೇಕು.

ನನಗೊಂದು ಹುಚ್ಚಿತ್ತು. ನಮ್ಮಪ್ಪನ ಕಾಲದ ವಿಲಾಯತಿ ಸ್ಪೋರ್ಟ್ಸ್ ಕಾರು: ತಲೆಯ ಮೇಲೆ ಸೂರಿಲ್ಲ, ಎರಡೇ ಸೀಟು, ಉದ್ದ ಮೂತಿ. ಅಸಲಿ ಕಾರು ಕೊಳ್ಳಬೇಕಾದರೆ ನಾನು ಏಳು ಜನ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದರೂ ಸಾಲದು. ಆದರೆ ಅದೇ ರೂಪದ ರೆಪ್ಲಿಕಾ ಕಟ್ಟಿಸಿಕೊಳ್ಳಬಹುದೆಂದು ಗೊತ್ತಾಯಿತು. ಆ ದಿನದಿಂದ ನಾನು ಸಂಸಾರಕ್ಕೆ ಎರವಾದೆ ಎಂದು ನನ್ನ ಹೆಂಡತಿ ವಸುಧಾ ಹೇಳುತ್ತಾಳೆ. ಹೊರಮೈ ಫೈಬರಿನದು, ಎಂಜಿನ್ನು ಹಳೆಯ ವ್ಯಾನಿನದು. ಕಾಗದಪತ್ರ ಮಾಡಿಸಿದ್ದು ದೊಡ್ಡ ರಾಮಾಯಣ, ಅದನ್ನಿಲ್ಲಿ ತೆಗೆಯುವುದಿಲ್ಲ. ಉಳಿದದ್ದು ಎಲ್ಲವನ್ನೂ ಹೊರುವ ಅಡಿಯ ಚೌಕಟ್ಟು, ಚಾಸಿ.

ಅದಕ್ಕೆ ಎರಡು ದಾರಿಗಳಿದ್ದವು. ಒಂದು, ಅಸಲಿ ಕಾರಿನಲ್ಲಿದ್ದಂತೆ ಎರಡು ಉದ್ದ ತೊಲೆ, ನಡುನಡುವೆ ಅಡ್ಡ ತೊಲೆ. ನೆಲಕ್ಕೆ ಮಲಗಿಸಿದ ಏಣಿ ಎಂದುಕೊಳ್ಳಿ. ಇನ್ನೊಂದು ಈಗಿನವರ ವಿನ್ಯಾಸ. ಪೈಪುಗಳನ್ನು ತ್ರಿಕೋನ ತ್ರಿಕೋನವಾಗಿ ಹೆಣೆದು, ಬಾಗಿಲ ಪಕ್ಕಕ್ಕೂ ಆಸರೆ ಕೊಟ್ಟದ್ದು. ಹೊಸದು ತಿರುಚಿಕೊಳ್ಳುವುದಿಲ್ಲ, ಪಕ್ಕದಿಂದ ಪೆಟ್ಟು ಬಿದ್ದರೂ ತಡೆಯುತ್ತದೆ. ಹಳೆಯದಕ್ಕೆ ಇರುವುದು ಹಳೆಯದೆಂಬ ಹೆಸರು ಮಾತ್ರ.

ನಾನು ಹಳೆಯದನ್ನೇ ಆರಿಸಿದೆ. ಚೌಕ ಅಲುಗಾಡುತ್ತದೆ, ತ್ರಿಕೋನ ಅಲುಗಾಡುವುದಿಲ್ಲ ಎಂದು ಪ್ರತಿ ವರ್ಷ ಕಡ್ಡಿ ಜೋಡಿಸಿ ಮಕ್ಕಳಿಗೆ ತೋರಿಸುತ್ತಿದ್ದವನೂ ನಾನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ವಿಷಯವೇನೆಂದರೆ, ನನ್ನ ಹುಟ್ಟೂರಾದ ತೀರ್ಥಹಳ್ಳಿಯಲ್ಲಿ ಆಗ ವರ್ಷಕ್ಕೊಮ್ಮೆ ಹಳೆ ಗಾಡಿಯವರು ಸೇರುತ್ತಿದ್ದರು. ಟಾರ್ಚು ಹಿಡಿದು ಪ್ರತಿ ಗಾಡಿಯ ಕೆಳಗೂ ಇಣುಕುವ ಒಬ್ಬ ಡಾಕ್ಟರರು ಅಲ್ಲಿದ್ದರು. ಅವರು ಎದ್ದು ನಿಂತು, ಮಂಡಿಯ ಮಣ್ಣು ಕೊಡವಿ, "ಪಕ್ಕಾ ಅಸಲಿ ಥರಾನೇ" ಎಂದುಬಿಟ್ಟರೆ ಅದಕ್ಕೆ ಮೇಲ್ಮನವಿಯಿಲ್ಲ. ಹುಟ್ಟೂರಿನವರ ಎದುರು ಆ ಮಾತು ಕೇಳಬೇಕೆಂಬುದು ನನ್ನ ಆಸೆ.

ಕೆಲಸ ಹಿಡಿದವನು ಗಾಮಪ್ಪ. ಇಕ್ಕೇರಿ ರಸ್ತೆಯಲ್ಲಿ ಅವನ ವೆಲ್ಡಿಂಗ್ ಶೆಡ್ಡು. ಸಾಗರದ ಅರ್ಧ ಗೇಟುಗಳು ಅವನ ಕೈಯಲ್ಲಿ ಆದವು. ಅವನ ಅಜ್ಜ ವಸುಧಾಳ ತವರಿನ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರಂತೆ. ಆ ಗದ್ದೆ ಈಗ ಅವನದೇ. ನನಗಿಂತ ನಾಲ್ಕು ವರ್ಷ ದೊಡ್ಡವನನ್ನು ನಾನು 'ಬಾರೋ ಹೋಗೋ' ಎಂದೇ ಮಾತಾಡಿಸುತ್ತಿದ್ದೆ, ಅದರಲ್ಲೇನಾದರೂ ತಪ್ಪಿರಬಹುದೆಂದು ಹೊಳೆದೂ ಇರಲಿಲ್ಲ.

ಅವನು ನಕ್ಷೆಯನ್ನು ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ ಪ್ರಶ್ನೆ.

"ಎಡಗಡೆ ಸೀಟಲ್ಲಿ ಯಾರ್ ಕೂರ್ತಾರೆ ಮೇಷ್ಟ್ರೆ?"

"ಮತ್ಯಾರು, ನಮ್ಮನೆಯವಳು."

"ಹಂಗಾರೆ ಬಾಗ್ಲ ಕೆಳಗೆ ಓರೆ ಪೈಪ್ ಕೊಡ್ತೀನಿ. ಗೇಟಿಗೇ ಕೊಡ್ತೀವಿ, ಇದಕ್ಕೆ ಕೊಡ್ದಿದ್ರೆ ಹೆಂಗೆ?"

ನನ್ನ ಕಾರನ್ನು ಗೇಟಿಗೆ ಹೋಲಿಸಿದನಲ್ಲ ಎಂದು ಪಿತ್ತ ನೆತ್ತಿಗೇರಿತು. "ನಕ್ಷೇಲಿ ಇದ್ದಷ್ಟು ಮಾಡು ಗಾಮಪ್ಪ, ತಲೆ ಓಡಿಸ್ಬೇಡ" ಎಂದೆ. ಅವನು "ಆತು" ಎಂದ. ನಾನು ಉತ್ತರಪತ್ರಿಕೆ ತಿದ್ದಲು ಶಿವಮೊಗ್ಗಕ್ಕೆ ಹೋಗಿದ್ದ ವಾರ ಫೈಬರಿನ ಮೈ ಕೂರಿಸಿ, ಬಂದ ಮೇಲೆ ಕೀಲಿ ಕೈಗಿಟ್ಟ.

ಮುಂದಿನ ವರ್ಷ ಕುಂದಾಪುರದ ಮದುವೆಯೊಂದಕ್ಕೆ ನಾನೂ ವಸುಧಾಳೂ ಅದೇ ಕಾರಿನಲ್ಲಿ ಹೊರಟೆವು. ಹೊಸನಗರ ದಾಟಿ ಹುಲಿಕಲ್ ಘಾಟಿ ಇಳಿಯುವಾಗ ತಿರುವಿನಲ್ಲಿ ಎದುರಿಗೊಂದು ಲಾರಿ ಬಂತು. ನಾನು ಎಡಕ್ಕೆಳೆದೆ. ಕಾರಿನ ಎಡಮೈ ಮೋರಿಯ ಕಟ್ಟೆಗೆ ಬಡಿದು, ಫೈಬರು ಹಪ್ಪಳದಂತೆ ಪುಡಿಯಾಯಿತು. ವಸುಧಾಳಿಗೆ ಮೊಣಕಾಲು ತರಚಿತ್ತು, ಅಷ್ಟೇ. ಒಡೆದ ಬಾಗಿಲ ಕೆಳಗೆ ಕಪ್ಪು ಬಣ್ಣ ಬಳಿದ ಎರಡು ಓರೆ ಪೈಪುಗಳು ಕಂಡವು. ಒಂದು ಒಳಕ್ಕೆ ತಗ್ಗಾಗಿತ್ತು. ಆ ತಗ್ಗಿಗೂ ಅವಳ ಸೊಂಟಕ್ಕೂ ನಡುವೆ ಒಂದು ಗೇಣು ಜಾಗವಿತ್ತು.

"ಇದು ಗಾಮಪ್ಪಂದು" ಎಂದಳು. ನಾನು ಒಡೆದ ಫೈಬರಿನ ಚೂರು ಆಯತೊಡಗಿದೆ.

ಗಾಮಪ್ಪನೇ ರಿಪೇರಿ ಮಾಡಿಕೊಟ್ಟ. ಅವನೂ ಪೈಪಿನ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಉಪಕಾರ ನೆನೆದರೆ ಕಾರು ಅಸಲಿಯಂತಿಲ್ಲವೆಂದು ಒಪ್ಪಿಕೊಂಡಂತಾಗುತ್ತಿತ್ತು. ಹೆಂಡತಿಯ ಜೀವ ಉಳಿದದ್ದಕ್ಕಿಂತ ಅದು ನನಗೆ ದೊಡ್ಡದಾಗಿತ್ತು ಎಂದು ಬರೆಯಲು ಈಗಲೂ ಕೈ ಹಿಂದೇಟು ಹಾಕುತ್ತದೆ.

ಆ ಚಳಿಗಾಲ ತೀರ್ಥಹಳ್ಳಿಯ ಕೂಟಕ್ಕೆ ನಾವಿಬ್ಬರೂ ಕಾರಿನಲ್ಲಿ ಹೋದೆವು. ಗಾಮಪ್ಪ ಬಿಳಿ ಅಂಗಿ ಹಾಕಿಕೊಂಡು ಬಸ್ಸಿನಲ್ಲಿ ಬಂದ. ಮಗಳ ಮದುವೆಗೆ ನಿಂತ ಅಪ್ಪನಂತೆ ಕಾರಿನ ಪಕ್ಕ ಕೈಕಟ್ಟಿ ನಿಂತಿದ್ದ. ಡಾಕ್ಟರರು ಕೆಳಗೆ ಇಣುಕಿ ಎದ್ದರು.

"ಎಲ್ಲ ಸರಿ ಇದೆ ಮೇಷ್ಟ್ರೆ. ಪಕ್ಕದಲ್ಲಿ ಪೈಪ್ ಯಾಕೆ? ಅಸಲೀಲಿ ಇಲ್ವಲ್ಲ."

ಸುತ್ತ ಹತ್ತಾರು ಜನ. "ನಂಗೆ ಗೊತ್ತಿಲ್ದೆ ಹಾಕಿದಾನೆ ಡಾಕ್ಟ್ರೆ" ಎಂದೆ. "ಗೇಟು ಮಾಡೋರ ಬುದ್ಧಿ ಎಲ್ಲಿ ಹೋಗತ್ತೆ?"

ಎಲ್ಲರೂ ನಕ್ಕರು. ಗಾಮಪ್ಪನೂ ನಕ್ಕ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆಯುತ್ತಿದ್ದೆನೇನೋ. ಆ ನಗು ಮರೆಯಲಾಗಿಲ್ಲ. ವಸುಧಾ ನಗಲಿಲ್ಲ. "ನಾನು ಗಾಮಪ್ಪನ ಜೊತೆ ಬಸ್ಸಿಗೆ ಬರ್ತೀನಿ" ಎಂದು ಹೊರಟುಹೋದಳು. ಸಾಗರದವರೆಗೂ ನಾನು ಎಡಗಡೆಯ ಖಾಲಿ ಸೀಟಿನ ಪಕ್ಕ ಕೂತು ಬಂದೆ.

ಎರಡು ದಿನ ಬಿಟ್ಟು ಗಾಮಪ್ಪ ಗ್ರೈಂಡರು ಹಿಡಿದು ಮನೆಗೆ ಬಂದ. "ಕೊಯ್ದು ತೆಗೀಲಾ ಮೇಷ್ಟ್ರೆ?" ಎಂದು ಕೇಳಿದ. ನಾನು ರಸ್ತೆಯ ಆಚೀಚೆ ನೋಡಿದೆ. ಯಾರೂ ಇರಲಿಲ್ಲ.

"ಬೇಡ, ಇರ್ಲಿ."

ಅವನು ವೈರು ಸುತ್ತಿಕೊಂಡು ಹೋದ. ಕಾರಿನ ಮೇಲೆ ಟಾರ್ಪಾಲು ಬಿದ್ದದ್ದು ಆಮೇಲೆ. ವಾರಕ್ಕೊಮ್ಮೆ ಎಂಜಿನ್ನು ಚಾಲೂ ಮಾಡಿ ಮತ್ತೆ ಮುಚ್ಚಿಡುತ್ತಿದ್ದೆ. ಇಷ್ಟು ವರ್ಷ ಪೇಟೆಯಲ್ಲಿ ಅವನು ಕಂಡರೆ ನಾನು ತರಕಾರಿ ಅಂಗಡಿಗೆ ನುಗ್ಗಿ ಬೇಡದ ಸೌತೆಕಾಯಿ ಕೊಂಡಿದ್ದೇನೆ.

ಇವತ್ತು ಮಧ್ಯಾಹ್ನ, ಎದುರು ಮನೆಯ ವಾಸನೆ ಇನ್ನೂ ಆರಿರಲಿಲ್ಲ, ಹಳೆಯ ವಿದ್ಯಾರ್ಥಿನಿ ಸಹನಾ ಹೊಸನಗರದಿಂದ ಬಂದಳು. ಅವಳೂ ಅಂಥದೇ ಕಾರು ಕಟ್ಟುತ್ತಿದ್ದಾಳೆ. "ಅಸಲಿ ಚಾಸಿ ಮಾಡ್ಲಾ ಸಾರ್, ಹೊಸದು ಮಾಡ್ಲಾ?" ಎಂಬುದು ಅವಳ ಪ್ರಶ್ನೆ. ನಿನ್ನೆಯಾಗಿದ್ದರೆ ಅಸಲಿಯ ಮಹಿಮೆಯ ಮೇಲೆ ಒಂದು ಗಂಟೆ ಕೊರೆಯುತ್ತಿದ್ದೆ. ಟಾರ್ಪಾಲು ತೆಗೆದೆ. ಅವಳು ಮೊಬೈಲಿನ ಬೆಳಕು ಹಿಡಿದು ಕೆಳಗೆ ತೂರಿದಳು.

"ಸಾರ್, ಈ ಪೈಪ್ ಯಾರ ಐಡಿಯಾ?"

ಕಾಫಿ ತಂದ ವಸುಧಾ ಲೋಟ ಇಡದೆ ನಿಂತಳು.

"ಗಾಮಪ್ಪಂದು" ಎಂದೆ. "ನಾನು ಬೇಡ ಅಂದಿದ್ದೆ. ಅದೇ ಇವಳನ್ನ ಉಳಿಸ್ತು. ಆಮೇಲೆ ಹತ್ತು ಜನರ ಎದುರಿಗೆ ಅವನ ಮರ್ಯಾದೆ ತೆಗೆದೆ."

ವಸುಧಾ ಲೋಟ ಇಟ್ಟು, "ಇಲ್ಲಿ ಹೇಳಿ ಎಂತ ಬಂತು? ಇಕ್ಕೇರಿ ರಸ್ತೆ ಏನು ದೂರ ಇಲ್ಲ" ಎಂದಳು. ಅವಳು ಸಹನಾಳ ಸ್ಕೂಟರಿನ ಹಿಂದೆ ಕೂತಳು. ನಾನು ಕೆಮ್ಮುತ್ತಿದ್ದ ಕಾರನ್ನು ಒಬ್ಬನೇ ಓಡಿಸಿಕೊಂಡು ಹೋದೆ.

ಶೆಡ್ಡಿನಲ್ಲಿ ಗೇಟು ಕೊಳ್ಳಲು ಬಂದ ಇಬ್ಬರಿದ್ದರು. ಅವರೆದುರೇ ಹೇಳಿದೆ. ನಲವತ್ತು ವರ್ಷ ಪಾಠ ಹೇಳಿದ ನಾಲಿಗೆ ಮೂರು ಕಡೆ ತೊದಲಿತು. ಗಾಮಪ್ಪ ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದ. ಹೋಗಲಿ ಬಿಡಿ ಎನ್ನಲಿಲ್ಲ. ನನ್ನನ್ನು ಬಿಟ್ಟು ಸಹನಾಳ ಕಡೆ ತಿರುಗಿದ.

"ನಿಮ್ಮ ಗಾಡೀಲಿ ಎಡಗಡೆ ಯಾರ್ ಕೂರ್ತಾರೆ?"

"ಅಮ್ಮ."

"ಹಂಗಾರೆ ಬನ್ನಿ, ತೋರಿಸ್ತೀನಿ."

ಗೋಣಿ ಹಾಸಿ ಕಾರಿನ ಕೆಳಗೆ ಮಲಗಿದ. ಒಳಗಿನಿಂದ ಕೈಯೊಂದು ಟಾರ್ಚು ಚಾಚಿತು. "ಮೇಷ್ಟ್ರೆ, ಬೆಳಕು ಹಿಡೀರಿ."

ನಾನು ಎಣ್ಣೆ ಕುಡಿದ ಆ ನೆಲದ ಮೇಲೆ ಮಂಡಿಯೂರಿ ಬಗ್ಗಿದೆ. ರಿಪೇರಿಯಲ್ಲಿ ಅವನು ಆ ಪೈಪು ಬದಲಿಸಿರಲಿಲ್ಲ. ಬೆಳಕು ನೇರ ಹೋಗಿ ಆ ತಗ್ಗಿನ ಮೇಲೆ ಬಿತ್ತು, ಅಲ್ಲಿ ನಿಲ್ಲದೆ ಅತ್ತಿತ್ತ ಹೊಯ್ದಾಡಿತು.

"ಅಲುಗಾಡ್ಸಬೇಡಿ" ಎಂದ ಗಾಮಪ್ಪ.