ಉಮ್ಮಚಗಿಯ ಕಾಡಿನಲ್ಲಿ ನಿಂತ ಟ್ಯಾಂಕು

ಇದು ಹೀಗೇ ನಡೆಯಿತು ಎಂದು ಆಣೆ ಮಾಡಿ ಹೇಳಲಾರೆ. ಇದರ ನಡುವಿನ ಒಂದು ಭಾಗವಂತೂ ನಡೆದಿರಲು ಸಾಧ್ಯವೇ ಇಲ್ಲ ಎಂದು ಬಹಳ ವರ್ಷ ನಂಬಿದ್ದೆ. ಕಳೆದ ತಿಂಗಳು ಯಲ್ಲಾಪುರದಿಂದ ಬಂದ ಅಕ್ಕ ಚೀಲದಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಮುಚ್ಚಳ ತೆಗೆದದ್ದೇ ಕಾಗದದಷ್ಟು ತೆಳ್ಳಗಿನ ತೊಡದೇವಿನ ವಾಸನೆ, ಕಬ್ಬಿನ ಹಾಲು ಕಾದ ಮಡಕೆಗೆ ತಾಗಿದಾಗಿನ ಆ ಸಿಹಿ ವಾಸನೆ, ಮೂಗಿಗೆ ಬಂತು. ನಿಮಗಾದರೆ ಅದರಿಂದ ಹಬ್ಬ ನೆನಪಾದೀತು. ನನಗೆ ನೆನಪಾದದ್ದು ಯುದ್ಧ.

ತೊಂಬತ್ತರ ದಶಕ ಮುಗಿಯುವ ಹೊತ್ತು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಆಕರವಿಲ್ಲದೆ ಏನನ್ನೂ ನಂಬಬಾರದು ಎಂಬ ಒಂದೇ ವಿದ್ಯೆ ಕಲಿತುಕೊಂಡು, ಶಿರಸಿಗೆ ಬಂದು ಅರೆಕಾಲಿಕ ಪಾಠ ಮಾಡುತ್ತಿದ್ದೆ. ಹಾಸ್ಟೆಲಿನ ಗೆಳೆಯನ ಅಣ್ಣ ತರಬೇತಿಗೆಂದು ಜಪಾನಿಗೆ ಹೋದವನು ಒಂದು ಸಿ.ಡಿ. ತಂದಿದ್ದ. ಅದರ ನಕಲು ನನ್ನ ಕೈಗೂ ಬಂತು. ಅದೊಂದು ಯುದ್ಧದ ಆಟ. ಜಪಾನಿನಲ್ಲಿ ಎಂಬತ್ತರ ದಶಕದಿಂದ ಒಂದರ ಹಿಂದೊಂದು ಬರುತ್ತಲೇ ಇದ್ದ ಸರಣಿಯಲ್ಲಿ ನಮ್ಮದು ಎಷ್ಟನೆಯದೋ ಗೊತ್ತಿಲ್ಲ. ಪರದೆಯ ತುಂಬ ಜೇನುಹುಟ್ಟಿನ ಹಾಗೆ ಆರು ಮೂಲೆಯ ಮನೆಗಳು. ಅವುಗಳ ಮೇಲೆ ಟ್ಯಾಂಕು, ವಿಮಾನ, ಸಾಮಾನಿನ ಲಾರಿ. ಒಬ್ಬರು ನಡೆಸಿದ ಮೇಲೆ ಇನ್ನೊಬ್ಬರ ಸರದಿ. ಅವಸರವೇ ಇಲ್ಲ, ಚನ್ನೆಮಣೆ ಆಟದಷ್ಟೇ ನಿಧಾನ.

ತೊಡಕು ಒಂದೇ. ನಮ್ಮ ಕಂಪ್ಯೂಟರಿಗೆ ಜಪಾನಿ ಲಿಪಿ ಬರುತ್ತಿರಲಿಲ್ಲ. ಆದೇಶಗಳ ಪಟ್ಟಿ ತೆರೆದರೆ ಮೇಲಿಂದ ಕೆಳಗಿನವರೆಗೂ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ನನ್ನಂಥ ಸಂಶಯದ ಮನುಷ್ಯನಿಗೆ ಹೇಳಿ ಮಾಡಿಸಿದ ಪರದೆ ಅದು. ಅಕ್ಕನೂ ನಾನೂ ಒಂದು ಬೇಸಿಗೆಯಿಡೀ ಅಕ್ಕಪಕ್ಕ ಕೂತು, ಒತ್ತಿ ಒತ್ತಿ ನೋಡಿ, ಜಾಗದ ಮೇಲೆಯೇ ಅರ್ಥ ಕಲಿತೆವು. ಮೇಲಿಂದ ಮೊದಲನೆಯದು ನಡೆಯುವುದು. ಎರಡನೆಯದು ಹೊಡೆಯುವುದು. ನಾಲ್ಕನೆಯದು ಲಾರಿಯಿಂದ ಎಣ್ಣೆ ತುಂಬುವುದು.

ಮಳೆಗಾಲಕ್ಕೆ ಮುಂಚೆ ಅಕ್ಕನ ಮದುವೆಯಾಯಿತು. ಯಲ್ಲಾಪುರದಲ್ಲಿ ಲಾರಿ ಇಟ್ಟುಕೊಂಡವರ ಮನೆ. ಎದುರಿನ ಕೋಣೆಯಲ್ಲಿ ಭಾವನ ಆಫೀಸು, ಅಲ್ಲೊಂದು ಕಂಪ್ಯೂಟರು. ಸಿ.ಡಿ.ಯ ಇನ್ನೊಂದು ನಕಲು ಅಕ್ಕನ ಜೊತೆ ಅಲ್ಲಿಗೆ ಹೋಗಿತ್ತು. ಫೋನು ಮಾತ್ರ ನಡುಮನೆಯಲ್ಲಿ, ಎಲ್ಲರ ಕಿವಿಯ ಕೆಳಗೆ. ಅಕ್ಕ ಫೋನಿನಲ್ಲಿ "ಅಡ್ಡಿಲ್ಲೆ, ಅರಾಮಿದ್ದೆ" ಬಿಟ್ಟು ಮತ್ತೇನೂ ಹೇಳುತ್ತಿರಲಿಲ್ಲ. ಆಗ ನಾನು ಆಟದಲ್ಲಿದ್ದ ಸೌಲಭ್ಯ ಬಳಸಿ ನಮ್ಮದೇ ಒಂದು ನಕ್ಷೆ ಮಾಡಿದೆ. ಶಿರಸಿ ನನ್ನದು, ನೀಲಿ. ಯಲ್ಲಾಪುರ ಅವಳದು, ಹಳದಿ. ಸಿದ್ದಾಪುರ ಯಾರು ಮೊದಲು ಹಿಡಿಯುತ್ತಾರೋ ಅವರದು. ನಡುವೆ ಕಾಡು. ನನ್ನ ಸರದಿ ಮುಗಿದ ಮೇಲೆ ಆಟ ನಿಂತ ಹಂತವನ್ನು ಫ್ಲಾಪಿಗೆ ಹಾಕಿ, ಫ್ಲಾಪಿಯನ್ನು ಆ ಬಿಸ್ಕತ್ತಿನ ಡಬ್ಬಿಗೆ ಹಾಕಿ, ಯಲ್ಲಾಪುರದ ಬಸ್ಸಿನ ಕಂಡಕ್ಟರರ ಕೈಗೆ ಕೊಡುವುದು. ಅವಳ ಸರದಿ ಮುಗಿದ ಮೇಲೆ ಅದೇ ಡಬ್ಬಿ ತಿರುಗಿ ಬರುವುದು, ಒಮ್ಮೊಮ್ಮೆ ತೊಡದೇವಿನ ಜೊತೆಗೆ.

ಕಂಡಕ್ಟರರು ಹಾವೇರಿ ಕಡೆಯವರು. "ಏನ್ರೀ ಸರ್ ಇದು, ವಾರಾ ವಾರಾ?" ಎಂದು ಕೇಳಿದರು.

"ಯುದ್ಧ. ಬಾನೆಟ್ ಮೇಲೆ ಇಡಬೇಡಿ, ಬಿಸಿಗೆ ಹಾಳಾಗುತ್ತದೆ."

"ಯುದ್ಧಕ್ಕ ಲಗೇಜ್ ಟಿಕೆಟ್ ಹತ್ತತೈತ್ರಿ," ಎಂದು ನಕ್ಕು, ಡಬ್ಬಿಯನ್ನು ತಮ್ಮ ಸೀಟಿನ ಮೂಲೆಗೆ ಸೇರಿಸಿದರು.

ಫೋನಿನಲ್ಲಿ ಅಕ್ಕನ ದನಿಗೆ ಜೀವ ಬಂತು. "ಸಿದ್ದಾಪುರ ಮಾತ್ರ ಬಿಡದಿಲ್ಲೆ ನೋಡು!" ಎಂದು ಕೂಗುತ್ತಿದ್ದಳು. ಸಿದ್ದಾಪುರದ ಕಡೆ ನಮಗೇನೋ ಜಾಗದ ತಕರಾರಿದೆ ಎಂದು ಅವಳ ಮಾವನವರು ಬಹಳ ದಿನ ತಿಳಿದಿದ್ದರಂತೆ.

ಇನ್ನು ನಾನು ನಂಬದೇ ಹೋದ ಭಾಗ. ಆ ಚಳಿಗಾಲ ನಾನು ಟ್ಯಾಂಕುಗಳನ್ನು ಜೋರಾಗಿ ಮುಂದೆ ನುಗ್ಗಿಸಿದೆ. ಉಮ್ಮಚಗಿ ಎಂದು ನಾನು ಗುರುತಿಸಿಕೊಂಡಿದ್ದ ಕಾಡಿನಲ್ಲಿ ಎಣ್ಣೆ ಮುಗಿದು ಅಷ್ಟೂ ನಿಂತವು. ಹಿಂದೆ ಲಾರಿ ಕಳಿಸುವುದನ್ನೇ ಮರೆತಿದ್ದೆ. ಯುದ್ಧಗಳನ್ನು ಗೆಲ್ಲುವುದು ಅನ್ನಸಾಗಣೆಯಿಂದ ಎಂದು ತರಗತಿಯಲ್ಲಿ ಪಾಠ ಮಾಡುತ್ತಿದ್ದವನು ನಾನೇ. ಇನ್ನು ಅಕ್ಕ ಒಂದೊಂದಾಗಿ ಸುಡುತ್ತಾಳೆ ಎಂದುಕೊಂಡು ಡಬ್ಬಿ ಕಳಿಸಿದೆ. ತಿರುಗಿ ಬಂದಾಗ ಅವಳ ಒಂದು ಫಿರಂಗಿಯೂ ಹಾರಿರಲಿಲ್ಲ. ಹಳದಿ ಲಾರಿಗಳು ಮಾತ್ರ ಕಾಡಿನೊಳಗೆ ಬಂದು ನನ್ನ ಟ್ಯಾಂಕುಗಳ ಮಗ್ಗುಲಲ್ಲಿ ನಿಂತಿದ್ದವು. ಮತ್ತು ನನ್ನ ನೆನಪಿನ ಪ್ರಕಾರ, ಟ್ಯಾಂಕುಗಳಲ್ಲಿ ಎಣ್ಣೆ ತುಂಬಿತ್ತು.

ಶತ್ರುವಿನ ಲಾರಿ ನನಗೆ ಎಣ್ಣೆ ಕೊಡುವುದುಂಟೇ? ಆಗ ನಾನು ಯೋಚಿಸಲಿಲ್ಲ, ಯಲ್ಲಾಪುರ ಗೆದ್ದು ಬೀಗಿದೆ. ಆಮೇಲೆ ಯೋಚಿಸಿದಾಗ, ಎಣ್ಣೆ ಖಾಲಿಯಾದದ್ದೇ ಸುಳ್ಳು ನೆನಪಿರಬೇಕು ಎಂದು ತೀರ್ಮಾನಿಸಿದೆ.

ಆಮೇಲೆ ಯೋಚಿಸಲು ಕಾರಣವಿತ್ತು. ಯುಗಾದಿ ಕಳೆದ ಮೇಲೆ ಒಂದು ಸಂಗತಿ ತಿಳಿಯಿತು. ನಾನು ಯಲ್ಲಾಪುರ ಗೆದ್ದ ಆ ವಾರಗಳಲ್ಲೇ ಅಕ್ಕನ ಬಸಿರು ಇಳಿದುಹೋಗಿತ್ತು. ನಮ್ಮ ಅಮ್ಮನಿಗೆ ಆಗಷ್ಟೇ ಹೃದಯದ ಆಪರೇಷನ್ ಆಗಿದ್ದರಿಂದ ನಮಗೆ ಸುದ್ದಿ ಮುಟ್ಟಿಸಿರಲಿಲ್ಲ. ಅಂಥ ಹೊತ್ತಿನಲ್ಲಿ ಅವಳನ್ನು ತವರಿಗೆ ಕಳಿಸಲಿಲ್ಲವಲ್ಲ ಎಂದು ಅವಳ ಅತ್ತೆ ಗಂಗತ್ತೆಯ ಮೇಲೆ ನನಗೆ ಮುನಿಸು ಹುಟ್ಟಿತು. ಗಂಗತ್ತೆ ಮಾತು ಕಡಿಮೆಯ ಹೆಂಗಸು, ನಕ್ಕದ್ದನ್ನು ನೋಡಿದವರು ಕಡಿಮೆ. ಆ ಮನೆಯಲ್ಲಿ ಅಕ್ಕ ಒಬ್ಬಳೇ ಗೋಡೆಗೆ ಮುಖ ಮಾಡಿ ಮಲಗಿದ್ದ ಚಿತ್ರ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಅದಕ್ಕೆ ಆಕರ ಯಾವುದು ಎಂದು ನಾನು ನನ್ನನ್ನು ಕೇಳಿಕೊಂಡಿರಲಿಲ್ಲ.

ಕಳೆದ ತಿಂಗಳು, ಆ ಡಬ್ಬಿಯ ಮುಂದೆ, ಗೆದ್ದದ್ದನ್ನು ಮತ್ತೊಮ್ಮೆ ಹೇಳಿಕೊಂಡೆ. ಅಕ್ಕ ನಕ್ಕಳು.

"ಅದು ಆನು ಆಡಿದ್ದಲ್ದ ತಮಾ. ಅತ್ತೆ ಆಡಿದ್ದು."

"ಯಾವ ಅತ್ತೆ?"

"ಎನಗೆ ಇಪ್ಪದು ಒಂದೇ ಅತ್ತೆ. ಆನು ಹಾಸಿಗೆ ಮೇಲೆ. ಡಬ್ಬಿ ಬಪ್ಪದು ನಿಂತ್ರೆ ನಿಂಗೆ ಸಂಶಯ ಬತ್ತು, ಅಮ್ಮಂಗೂ ಗೊತ್ತಾಗ್ತು ಹೇಳಿ ಅತ್ತೆನೇ ಹೋಗಿ ಕೂತ್ಕತ್ತಿತ್ತು. ಒಳಗಿಂದ ಆನು ಕೂಗದು, ಅತ್ತೆ ಒತ್ತದು. ಹೊಡೆಯದು ಎರಡನೇದು ಹೇಳಿ ಕಲಿಸಿದ್ರೂ ಮುಟ್ಟಿದ್ದೇ ಇಲ್ಲೆ."

"ಎಂತಕ್ಕೆ?"

"'ಆ ನೀಲಿ ಗಾಡಿ ಎಂತಕ್ಕೆ ನಿಂತಿದ್ದು?' ಅತ್ತೆ ಕೇಳ್ತು. ಎಣ್ಣೆ ಖಾಲಿ, ತಮಂದು ಅಂದಿ. 'ನಮ್ಮ ಲಾರಿ ಇದ್ದಲೆ, ಕೊಡು' ಹೇಳ್ತು. ಅದು ಎದುರು ಪಕ್ಷದ್ದು ಅತ್ತೆ ಅಂದ್ರೆ ಎನಗೇ ಬೈತು! 'ದಾರೀಲಿ ನಿಂತ ಗಾಡಿಗೆ ಎಂತ ಪಕ್ಷವೇ ಕೂಸೆ?'"

ಅರಬೈಲ್ ಘಟ್ಟದಲ್ಲಿ ಲಾರಿ ಓಡಿಸುವವರ ಮನೆಗಳಲ್ಲಿ ಒಂದು ರೀತಿಯಿದೆ. ಘಟ್ಟದಲ್ಲಿ ಗಾಡಿ ನಿಂತರೆ ಹಿಂದಿನಿಂದ ಬಂದವನು, ಬಾಡಿಗೆಗಾಗಿ ನಿನ್ನೆಯಷ್ಟೇ ಜಗಳ ಆಡಿದವನಾದರೂ, ಇಳಿದು ವಿಚಾರಿಸದೆ ಮುಂದೆ ಹೋಗುವಂತಿಲ್ಲ. ಗಂಗತ್ತೆಗೆ ಯುದ್ಧದ ಆಟದಲ್ಲಿ ಕಂಡದ್ದು ಅದೊಂದೇ ನಿಯಮ.

ಆದರೂ ನನ್ನ ಚಾಳಿ ಬಿಡಬೇಕಲ್ಲ. "ಎದುರಾಳಿ ಗಾಡಿಗೆ ಎಣ್ಣೆ ತುಂಬುಲೆ ಆಟದಲ್ಲಿ ಬತ್ತಿಲ್ಲೆ. ಆಕರ ಎಂತ ಇದ್ದು?" ಎಂದೆ.

"ನೀ ಎಂ.ಎ. ಮಾಡಿದ್ದೇ ಹಾಳಾತು ಮಾರಾಯ. ಎಣ್ಣೆ ಕೊಟ್ಟವರ ಹತ್ರ ರಶೀದಿ ಕೇಳವ!" ಎಂದಳು. ಡಬ್ಬಿಯ ಮುಚ್ಚಳ ಹಾಕುತ್ತಾ, "ನಿಂಗೆ ಅತ್ತೆ ಮೇಲೆ ಸಿಟ್ಟಿದ್ದು ಎನಗೆ ಗೊತ್ತಿದ್ದು. ಇಲ್ಲಿ ಅಮ್ಮನೇ ಹಾಸಿಗೆ ಹಿಡದಿತ್ತು. ಅತ್ತೆ ಎನ್ನ ಕಳಿಸದೇ ಇದ್ದಿದ್ದಲ್ಲ ತಮಾ, ಇಟ್ಕಂಡಿದ್ದು," ಎಂದಳು.

ಮುಂದಿನ ಭಾನುವಾರ ಖಾಲಿ ಡಬ್ಬಿ ಮರಳಿಸುವ ನೆಪದಲ್ಲಿ ಯಲ್ಲಾಪುರಕ್ಕೆ ಹೋದೆ. ಎಂಬತ್ತು ದಾಟಿದ ಗಂಗತ್ತೆ ಜಗಲಿಯಲ್ಲಿ ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಕಂಪ್ಯೂಟರು, ನೀಲಿ ಗಾಡಿ, ಹಳದಿ ಲಾರಿ, ಎಲ್ಲ ಬಿಡಿಸಿ ಹೇಳಿ ಕೇಳಿದೆ.

"ಎನಗೆ ನೆನಪಿಲ್ಲೆ ಮಾಣಿ," ಎಂದರು. ಮತ್ತೊಂದು ಬತ್ತಿ ಹೊಸೆದು ಮುಗಿಸಿ, "ಕೊಟ್ಟಿದ್ರೂ ಕೊಟ್ಟಿಕ್ಕು. ಎಣ್ಣೆ ಅಲ್ದ," ಎಂದರು.

ಅಲ್ಲೇ ಪಕ್ಕದಲ್ಲಿ ಕೂತೆ. ನನಗೂ ಒಂದಿಷ್ಟು ಹತ್ತಿ ಕೊಟ್ಟರು. ನನ್ನ ಬತ್ತಿಗಳು ಒಂದೂ ನೆಟ್ಟಗೆ ಬರಲಿಲ್ಲ. ಸಂಜೆಯ ಬಸ್ಸು ಹೋಯಿತು, ನಾನು ಹೋಗಲಿಲ್ಲ.

ಶಿರಸಿಗೆ ಮರಳಿದ ಮೇಲೆ ಹಳೆಯ ಸಿ.ಡಿ. ಹುಡುಕಿದೆ. ಈಗಿನ ಕಂಪ್ಯೂಟರಿಗೆ ಜಪಾನಿ ಲಿಪಿ ಬರುತ್ತದೆ. ಪ್ರಶ್ನಾರ್ಥಕ ಚಿಹ್ನೆಗಳ ಜಾಗದಲ್ಲಿ ಅಕ್ಷರಗಳಿದ್ದವು, ನನಗೆ ಅವೂ ಅಷ್ಟೇ. ಸರಣಿಯ ಮುಂದಿನ ಆಟಗಳಲ್ಲಿ ಎದುರಾಳಿಯ ಗಾಡಿಗೆ ಎಣ್ಣೆ ತುಂಬಲು ಅವಕಾಶವಿಲ್ಲ ಎಂದು ಯಾರೋ ಬರೆದದ್ದನ್ನು ಓದಿದ್ದೇನೆ, ಅದನ್ನು ನಾನು ನೋಡಿಲ್ಲ. ನಮ್ಮ ಆಟವನ್ನು ಮಾತ್ರ ನೋಡಿದೆ. ಎಣ್ಣೆ ಮುಗಿದ ಒಂದು ನೀಲಿ ಟ್ಯಾಂಕಿನ ಮಗ್ಗುಲಿಗೆ ಹಳದಿ ಲಾರಿಯೊಂದನ್ನು ತಂದು ನಿಲ್ಲಿಸಿ, ಮೇಲಿಂದ ನಾಲ್ಕನೆಯದನ್ನು ಒತ್ತಿದೆ. ಎಣ್ಣೆ ತುಂಬಿತು.