ಕಾರ್ಡ್ ಮಷಿನ್ ಬಂದ ಮೇಲೆ ನಾವಿಬ್ಬರು

ನಾನು ಜಾದೂ ಮಾಡಿ ಹೊಟ್ಟೆ ಹೊರೆಯುವವನು. ಮನೆ ಇಳಕಲ್‌ನಲ್ಲಿ. ಮದುವೆ, ತೊಟ್ಟಿಲು, ಹುಟ್ಟುಹಬ್ಬ, ಶಾಲೆಯ ಗ್ಯಾದರಿಂಗ್, ಗ್ರಾನೈಟ್ ಕಾರ್ಖಾನೆಯವರ ಪೂಜೆ, ಯಾರು ಕರೆದರೂ ಹೋಗುತ್ತೇನೆ. ಈ ಕೆಲಸ ಮಾಡುವವರಿಗೆ ಒಂದು ಕೆಟ್ಟ ಚಟ ಅಂಟಿಕೊಳ್ಳುತ್ತದೆ. ಯಾರಾದರೂ ಬಲಗೈ ಮುಂದೆ ಚಾಚಿದರೆ ನಮ್ಮ ಕಣ್ಣು ಅವರ ಎಡಗೈ ಮೇಲೆ ಹೋಗುತ್ತದೆ. ಎಡಗೈ ಸುಮ್ಮನಿದ್ದರೆ ಇನ್ನೂ ಹೆಚ್ಚು ಅನುಮಾನ. ಮದುವೆಯಾದ ಹೊಸದರಲ್ಲೇ ನನ್ನ ಹೆಂಡತಿ ಇದನ್ನು ಕಂಡುಹಿಡಿದಿದ್ದಳು. "ನೀವು ನನ್ನ ಮಾರಿ ಯಾವಾಗ ನೋಡ್ತೀರಿ? ಬರೇ ಕೈ ನೋಡ್ತೀರಿ" ಎಂದಿದ್ದಳು.

ಹುನಗುಂದದ ಗೆಳೆಯನೊಬ್ಬ ಹತ್ತೊಂಬತ್ತು ವರ್ಷ ನನ್ನ ಜೊತೆ ಕೆಲಸ ಮಾಡಿದ. ಅವನು ಕೀಬೋರ್ಡ್ ನುಡಿಸುತ್ತಿದ್ದ, ಹಾಡುತ್ತಿದ್ದ, ನಡುನಡುವೆ ಬಸ್ಸಿನ ಹಾರ್ನು, ಎಮ್ಮೆಯ ಕೂಗು, ಕಲ್ಲು ಪಾಲಿಷ್ ಮಾಡುವ ಮಷಿನ್ನಿನ ಸದ್ದು ಮಾಡಿ ನಗಿಸುತ್ತಿದ್ದ. ಜಾದೂ ನನ್ನದು. ಕಾರ್ಯಕ್ರಮ ಮುಗಿದ ಮೇಲೆ ಯಜಮಾನರು ಕೊಟ್ಟದ್ದನ್ನು ಬೈಕಿನ ಸೀಟಿನ ಮೇಲೆ ಇಟ್ಟು ಅಲ್ಲೇ ಅರ್ಧ ಅರ್ಧ ಮಾಡಿಕೊಳ್ಳುತ್ತಿದ್ದೆವು. ಆಮೇಲೆ ಚಹಾ ಕುಡಿದು ಊರಿನ ದಾರಿ ಹಿಡಿಯುತ್ತಿದ್ದೆವು. ಅಷ್ಟು ವರ್ಷದಲ್ಲಿ ಅವನ ಮೇಲೆ ನನಗೆ ಅನುಮಾನ ಬಂದಿರಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ಆದರೆ ಅನುಮಾನಕ್ಕೆ ಜಾಗವೇ ಇರಲಿಲ್ಲ ಎನ್ನುವುದು ಹೆಚ್ಚು ಸರಿ.

ಚಳಿಗಾಲದ ಶನಿವಾರಗಳಲ್ಲಿ ಬಾದಾಮಿಯ ಒಂದು ಹೋಟೆಲಿನ ಹುಲ್ಲುಹಾಸಿನ ಮೇಲೆ ನಮ್ಮ ಸಂಜೆಯ ಕಾರ್ಯಕ್ರಮ ಇರುತ್ತಿತ್ತು. ಗುಹೆ ನೋಡಲು ಬಂದ ಪರದೇಶದವರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ಬಾಯಿಯಿಂದ ಇಳಕಲ್ ಸೀರೆಯ ಸೆರಗಿನಂತಹ ಕೆಂಪು ಪಟ್ಟಿ ಎಳೆಯುತ್ತಾ ಹೋದರೆ ಅವರು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಮುಗಿದ ಮೇಲೆ ಖುಷಿಯಿಂದ ಪಾಕೀಟು ತೆರೆಯುತ್ತಿದ್ದರು. ಒಳಗೆ ಬರೀ ಕಾರ್ಡುಗಳು. ನಮ್ಮ ಫೋನಿನ ಕೋಡ್ ತೋರಿಸಿದರೆ ತಲೆ ಅಲ್ಲಾಡಿಸುತ್ತಿದ್ದರು. ಹೋಟೆಲಿನ ಮ್ಯಾನೇಜರ್ ಒಂದು ದಿನ ನಮ್ಮನ್ನು ಪಕ್ಕಕ್ಕೆ ಕರೆದ.

"ಇವರಿಗೆ ಸ್ಕ್ಯಾನ್ ಗೀನ್ ನಡ್ಯಂಗಿಲ್ರಿ. ನೀವೂ ಒಂದು ಕಾರ್ಡ್ ಮಷಿನ್ ಇಟ್ಕೊಳ್ರಿ. ಇಲ್ಲಂದ್ರ ಬಕ್ಷೀಸು ಹಂಗ ಕೈ ಬಿಟ್ಟು ಹೋಗ್ತೈತಿ."

ನಾನೇ ಅರ್ಜಿ ಹಾಕಿದೆ. ಎರಡು ಸಲ ವಾಪಸು ಬಂತು. ಪಾಸ್‌ಬುಕ್ಕಿನಲ್ಲಿ ಅಪ್ಪನ ಹೆಸರು ಒಂದು ಥರ, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು ಥರ. ಗೆಳೆಯ ತನ್ನ ಹೆಸರಿನಲ್ಲಿ ಹಾಕಿದ, ಹತ್ತು ದಿನದಲ್ಲಿ ಮಷಿನ್ ಬಂತು. ಅದನ್ನು ತೋರಿಸಲು ಹುನಗುಂದದಿಂದ ನಮ್ಮ ಮನೆಗೆ ಬಂದ. ಅಂಗೈಯಷ್ಟಗಲದ, ಕರಿ ಬಣ್ಣದ ವಸ್ತು. ಅವನ ಮೊಬೈಲಿಗೆ ತಂತಿಯಿಲ್ಲದೆ ಜೋಡಣೆಯಾಗುತ್ತಿತ್ತು. ಕಾರ್ಡನ್ನು ಉಜ್ಜಬೇಕಾಗಿಯೂ ಇರಲಿಲ್ಲ, ಹತ್ತಿರ ಹಿಡಿದರೆ ಸಾಕು, ಕುಂಯ್ ಎನ್ನುತ್ತಿತ್ತು.

ಬೇರೆ ಜಾದೂಗಾರನ ಪೆಟ್ಟಿಗೆ ಕೈಗೆ ಸಿಕ್ಕರೆ ಹೇಗೆ ನೋಡುತ್ತೇನೋ ಹಾಗೇ ಅದನ್ನು ತಿರುಗಿಸಿ ನೋಡಿದೆ. ತಳ ಬಡಿದೆ, ಕಿವಿಗೆ ಹಿಡಿದೆ. ಗೆಳೆಯ ನಗುತ್ತಿದ್ದ.

"ಇದರಾಗ ರೊಕ್ಕ ಎಲ್ಲಿ ಕುಂದರ್ತೈತಿ?" ಎಂದೆ.

"ಇದರಾಗ ಕುಂದ್ರಂಗಿಲ್ಲಲೇ. ಬ್ಯಾಂಕಿಗೆ ಹೋಗ್ತೈತಿ."

"ಯಾರ ಬ್ಯಾಂಕಿಗೆ?"

ಅವನ ನಗು ಸ್ವಲ್ಪ ತಡೆಯಿತು. "ಸದ್ಯಕ್ಕ ನಂದಕ್ಕ. ಮರುದಿನ ಬರ್ತೈತಿ, ಬಂದ ಕೂಡ್ಲೇ ನಿನ್ನ ಪಾಲು ನಿನಗ ಕಳಿಸ್ತೇನಿ."

ಕಳಿಸುತ್ತಿದ್ದ ಕೂಡ. ಆದರೆ ಬೈಕಿನ ಸೀಟಿನ ಮೇಲೆ ಕಾಣುತ್ತಿದ್ದದ್ದು ಈಗ ಅವನ ಬಾಯಿಮಾತಾಗಿತ್ತು. ಒಂದು ದಿನ ತಡವಾದರೆ "ರವಿವಾರ ಇತ್ತಲ್ಲ" ಎನ್ನುತ್ತಿದ್ದ. ಕಡಿಮೆ ಬಂದರೆ "ಕಂಪನಿಯವರು ಕಮಿಷನ್ ಮುರ್ಕೋತಾರ" ಎನ್ನುತ್ತಿದ್ದ. ಎರಡೂ ಖರೆ ಇರಬಹುದು ಎಂದು ತಲೆಗೆ ಗೊತ್ತಿತ್ತು. ಆದರೂ ಅವನು ಮಷಿನ್ ಹಿಡಿದಾಗ ನಾನು ಅವನ ಪಕ್ಕಕ್ಕೆ ಬಂದು ನಿಲ್ಲಲು ಶುರುಮಾಡಿದೆ. ಗೊತ್ತಾಗಬಾರದೆಂದು ಪೆಟ್ಟಿಗೆ ಕಟ್ಟುವ ನೆಪ ಮಾಡುತ್ತಿದ್ದೆ. ಅವನಿಗೆ ಗೊತ್ತಾಗುತ್ತಿತ್ತು.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ತಮ್ಮ ಯಜಮಾನರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ನಮ್ಮನ್ನು ಕರೆಸಿದರು. ಮಧ್ಯಾಹ್ನ ಊಟವಾದ ಮೇಲೆ ಮನೆಯ ಮುಂದಿನ ಪೆಂಡಾಲಿನಲ್ಲಿ ಕಾರ್ಯಕ್ರಮ. ಅವರು ಮೊದಲ ಸಾಲಿನಲ್ಲಿ ಕನ್ನಡಕ ಏರಿಸಿಕೊಂಡು ಕುಳಿತು, ನಗದೆ, ಪರೀಕ್ಷೆಯ ಕೊಠಡಿ ಕಾಯುವವರಂತೆ ನನ್ನನ್ನು ನೋಡಿದರು. ಅವರ ಯಜಮಾನರ ಉಂಗುರವನ್ನು ಮಾಯ ಮಾಡಿ ಅವರದೇ ಜೋಳಿಗೆಯ ಎಲೆಅಡಿಕೆ ಡಬ್ಬಿಯಲ್ಲಿ ತೋರಿಸಿದೆ. ಎಲ್ಲರೂ ಹೋ ಎಂದರು. ನಮ್ಮ ಕಡೆ ಟೀಚರಮ್ಮನನ್ನು ಅಕ್ಕೋರು ಎನ್ನುತ್ತೇವೆ; ಈ ಅಕ್ಕೋರು ಮಾತ್ರ ಉಂಗುರ ಇಸಿದುಕೊಂಡು, ಬೆಳಕಿಗೆ ಹಿಡಿದು, ಅದೇ ಹೌದೋ ಅಲ್ಲವೋ ಎಂದು ನೋಡಿ ಯಜಮಾನರ ಬೆರಳಿಗೆ ತಾವೇ ಹಾಕಿದರು.

ಮುಗಿದ ಮೇಲೆ ಕಾರ್ಡು ಕೊಟ್ಟರು. ಗೆಳೆಯ ಮಷಿನ್ ಹಿಡಿದ. ಅದರ ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು, ಕೊನೆಗೆ ಆಗಲಿಲ್ಲ ಎಂದು ತೋರಿಸಿತು. ಇನ್ನೊಮ್ಮೆ ಹಿಡಿದ. ಮತ್ತೆ ಹಾಗೇ. "ನೆಟ್‌ವರ್ಕ್ ಇಲ್ರಿ ಅಕ್ಕೋರ" ಎಂದ. ಅವರು ಒಳಗೆ ಹೋಗಿ ನೋಟು ತಂದುಕೊಟ್ಟರು. ಬಹಳ ದಿನದ ಮೇಲೆ ಬೈಕಿನ ಸೀಟಿನ ಮೇಲೆ ಪಾಲು ಮಾಡಿಕೊಂಡೆವು. ನನಗೆ ಒಳಗೊಳಗೆ ಸಮಾಧಾನವೇ ಆಯಿತು.

ಮರುದಿನ ಬೆಳಿಗ್ಗೆ ನಾನು ಜಾದೂಗೆಂದು ಸಾಕಿದ ಪಾರಿವಾಳಗಳಿಗೆ ಜೋಳ ಹಾಕುತ್ತಿದ್ದೆ. ಫೋನ್ ಬಂತು.

"ನಿನ್ನೆ ಜಾದೂ ಮಾಡಿದವರು ನೀವ ಏನ್ರಿ?" ಅಕ್ಕೋರ ಧ್ವನಿ. "ನನ್ನ ಕಾರ್ಡಿನಿಂದ ಎರಡು ಸಲ ರೊಕ್ಕ ಹೋಗೇದ. ಮ್ಯಾಲೆ ಕೈಯಾಗೂ ಕೊಟ್ಟೀನಿ. ಉಂಗುರ ಮಾಯ ಮಾಡಿದ್ರಿ, ವಾಪಸ್ ಕೊಟ್ಟ್ರಿ. ಇದನ್ನ ಯಾವಾಗ ಕೊಡ್ತೀರಿ?"

ಜೋಳದ ಡಬ್ಬಿ ಕೆಳಗಿಟ್ಟೆ. "ಅಕ್ಕೋರ, ಮಷಿನ್ ಆಗಿಲ್ಲಂತ ತೋರಿಸಿತ್ತಲ್ರಿ..."

"ತೋರಸೂದು ನಿಮ್ಮ ಕೆಲಸನ ಅಲ್ಲೇನ್ರಿ" ಎಂದು ಇಟ್ಟುಬಿಟ್ಟರು.

ಆಗಲೇ ಬೈಕ್ ತೆಗೆದು ಹುನಗುಂದಕ್ಕೆ ಹೋದೆ. ಗೆಳೆಯ ಕಟ್ಟೆಯ ಮೇಲೆ ಕುಳಿತು ಗಡ್ಡ ಮಾಡಿಕೊಳ್ಳುತ್ತಿದ್ದ. ವಿಷಯ ಹೇಳಿದೆ. ನೊರೆ ಹಚ್ಚಿದ ಮುಖದಲ್ಲೇ ಫೋನ್ ತೆಗೆದ.

"ನೋಡಲೇ, ನನ್ನ ಖಾತೆಕ್ಕ ಏನೂ ಬಂದಿಲ್ಲ. ನೀನ ನೋಡು."

ಫೋನನ್ನು ನನ್ನ ಕಡೆ ತಿರುಗಿಸಿದ. ಆದರೆ ಕೈಗೆ ಕೊಡಲಿಲ್ಲ. ಅವನ ಹೆಬ್ಬೆರಳು ಪರದೆಯ ಮೇಲಿನ ಅರ್ಧವನ್ನು ಮುಚ್ಚಿತ್ತು. ನಾನು ಇಸ್ಪೀಟ್ ಎಲೆಗಳನ್ನು ಹಾಗೇ ಮುಚ್ಚುತ್ತೇನೆ. ಸಹಜವಾಗಿ ಹಿಡಿದಂತೆ ಕಾಣಬೇಕು, ಹೆಬ್ಬೆರಳಿನ ಕೆಳಗಿನದು ಕಾಣಬಾರದು. ಹತ್ತೊಂಬತ್ತು ವರ್ಷ ನನ್ನ ಪಕ್ಕದಲ್ಲಿ ನಿಂತವನು ಅದನ್ನು ಕಲಿತಿದ್ದ.

"ಬೆರಳ ತಗಿ" ಎಂದೆ.

"ಯಾಕ?"

"ಬೆರಳ ತಗಿಯಲೇ. ಮ್ಯಾಲ ಏನೈತಿ?"

ಅವನು ಫೋನನ್ನು ಕಿಸೆಗೆ ಇಟ್ಟುಕೊಂಡ. "ನಿನಗ ಸಂಬಂಧ ಇಲ್ಲದ್ದು ಐತಿ" ಎಂದು ಮತ್ತೆ ಕನ್ನಡಿಯ ಕಡೆ ತಿರುಗಿದ. ಅವನ ಹೆಂಡತಿ ಚಹಾ ತಂದಳು. "ಬ್ಯಾಡ್ರಿ" ಎಂದು ಬಂದುಬಿಟ್ಟೆ. ಆ ಮನೆಯಲ್ಲಿ ಚಹಾ ಬೇಡವೆಂದದ್ದು ಅದೇ ಮೊದಲು.

ಆ ರವಿವಾರ ಒಬ್ಬನೇ ವಿದ್ಯಾಗಿರಿಗೆ ಹೋದೆ. ಅಕ್ಕೋರು ಕೊಟ್ಟಿದ್ದ ಸಂಭಾವನೆಯಲ್ಲಿ ನನ್ನ ಪಾಲನ್ನು ಲಕೋಟೆಯಲ್ಲಿ ಹಾಕಿಕೊಂಡು ಹೋಗಿದ್ದೆ, ಅಷ್ಟಾದರೂ ಅವರಿಗೆ ಸಿಗಲಿ ಎಂದು. ಅದೇ ತಪ್ಪಾಯಿತು.

"ಇದೇನಿದು?" ಅಂದರು ಅಕ್ಕೋರು.

"ನಿಮ್ಮ ರೊಕ್ಕ ಬರೂತನಕ ಇದು ನಿಮ್ಮ ಹತ್ರ ಇರ್ಲಿರಿ."

"ತಪ್ಪು ಮಾಡಿಲ್ಲಂದ್ರ ರೊಕ್ಕ ಯಾಕ ತಂದೀರಿ?"

ಲಕೋಟೆಯನ್ನು ಮೇಜಿನ ಮೇಲೆ ಇಟ್ಟೆ. ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನನ್ನ ಅಂಗಿಯ ತೋಳುಗಳನ್ನು ಒಮ್ಮೆ ನೋಡಿ, ನೀರು ಕೊಟ್ಟರು. ಆಮೇಲೆ ಮೊಬೈಲ್ ತೆಗೆದು ನನ್ನ ಫೋಟೋ ಹಿಡಿದರು. "ನಾಳೆ ಬ್ಯಾಂಕಿಗೆ ಹೋಗ್ತೀನಿ. ಕೇಳಿದ್ರ ತೋರಸ್ಲಿಕ್ಕೆ ಬೇಕಾಗ್ತದ" ಎಂದರು. ಸಾವಿರ ಜನರ ಮುಂದೆ ನಿಂತು ಫೋಟೋ ತೆಗೆಸಿಕೊಂಡವನು ನಾನು. ಅವತ್ತು ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಲಕೋಟೆಯನ್ನು ಅವರು ಮುಟ್ಟಲಿಲ್ಲ, ವಾಪಸು ಕಿಸೆಗೆ ಹಾಕಿಕೊಂಡೆ. ಯಜಮಾನರು ಬಾಗಿಲತನಕ ಬಂದು, "ಆಕಿ ಹಂಗರಿ, ಮನಸಿಗೆ ಹಚ್ಕೋಬ್ಯಾಡ್ರಿ" ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು.

ದಾರಿಯುದ್ದಕ್ಕೂ ನನಗೆ ಅಕ್ಕೋರ ಮೇಲೆ ಸಿಟ್ಟು ಬರಲಿಲ್ಲ. ಅವರು ನನ್ನನ್ನು ನೋಡಿದ ಹಾಗೆಯೇ ನಾನು ಗೆಳೆಯನನ್ನು ನೋಡುತ್ತಿದ್ದೆ. ಅಮೀನಗಡದಲ್ಲಿ ಬೈಕ್ ನಿಲ್ಲಿಸಿ, ಅವನಿಗೆ ಫೋನ್ ಮಾಡಬೇಕೆಂದು ತೆಗೆದವನು ಮಾಡಲಿಲ್ಲ. ಆ ಹೆಬ್ಬೆರಳು ಕಣ್ಣಿನಿಂದ ಹೋಗುತ್ತಿರಲಿಲ್ಲ.

ಐದನೆಯ ದಿನ ಅಕ್ಕೋರೇ ಫೋನ್ ಮಾಡಿದರು. ಕಡಿತವಾಗಿದ್ದ ಎರಡೂ ಮೊತ್ತ ತಾನಾಗಿಯೇ ಅವರ ಖಾತೆಗೆ ವಾಪಸು ಬಂದಿತ್ತು. ಅದು ಯಾರ ಖಾತೆಗೂ ಮುಟ್ಟದೆ ನಡುದಾರಿಯಲ್ಲಿ ನಿಂತಿತ್ತೆಂದು ಬ್ಯಾಂಕಿನವರು ಹೇಳಿದರಂತೆ.

"ನಾ ಮೂವತ್ತು ವರ್ಷ ಸಾಲಿ ನಡಿಸೀನಿ" ಎಂದರು. "ಕಣ್ಣಿಂದ ನೋಡದ ಯಾರ ಮ್ಯಾಲೂ ತಪ್ಪು ಹಾಕಿದಾಕಿ ಅಲ್ಲ. ನಿಮ್ಮ ಮ್ಯಾಲೆ ಹಾಕಿದೆ. ನಿಮ್ಮ ಫೋಟೋ ಅಳಿಸಿ ಹಾಕೀನಿ, ಅದನ್ನ ಹೇಳಬೇಕಾಗಿತ್ತು."

ಕೂಡಲೇ ಗೆಳೆಯನಿಗೆ ಹೇಳಬೇಕಿತ್ತು. ಎರಡು ದಿನ ಹೇಳಲಿಲ್ಲ. ಹೇಳಿದರೆ ತಪ್ಪಾಯಿತೆನ್ನಬೇಕಲ್ಲ. ಶನಿವಾರ ಬಾದಾಮಿಯ ಕಾರ್ಯಕ್ರಮವಿತ್ತು, ಅಲ್ಲೇ ಎದುರಾಬದುರಾ ಹೇಳಿದರಾಯಿತು ಎಂದುಕೊಂಡು ಸ್ವಲ್ಪ ಮುಂಚೆಯೇ ಹೋದೆ. ಹುಲ್ಲಿಗೆ ನೀರು ಬಿಡಿಸುತ್ತಿದ್ದ ಮ್ಯಾನೇಜರ್ ನನ್ನನ್ನು ನೋಡಿ ಗಲಿಬಿಲಿಗೊಂಡ.

"ಮುಂದಿನ ವಾರದಿಂದ ಬಾಗಲಕೋಟಿಯ ಜಾದೂದವರು ಬರ್ತಾರಂತ ನಿಮ್ಮ ದೋಸ್ತರು ಹೇಳ್ಯಾರಲ್ರಿ. ನಿಮಗ ಆರಾಮ ಇಲ್ಲಂತ?"

ಆ ಸಂಜೆ ಹೇಗೋ ಕಾರ್ಯಕ್ರಮ ಮಾಡಿದೆವು. ಅವನು ನುಡಿಸಿದ, ನಾನು ಪಟ್ಟಿ ಎಳೆದೆ, ಪರದೇಶದವರು ಎದ್ದು ನಿಂತರು. ಮಷಿನ್ ಕುಂಯ್ ಕುಂಯ್ ಎಂದಿತು. ನಾನು ಅವನ ಪಕ್ಕಕ್ಕೆ ಹೋಗಿ ನಿಲ್ಲಲಿಲ್ಲ. ವಾಪಸು ಬರುವಾಗ ಚೊಳಚಗುಡ್ಡದ ಚಹಾದಂಗಡಿಯಲ್ಲಿ ಬೈಕ್ ನಿಲ್ಲಿಸಲು ಅವನಿಗೆ ಕೈಮಾಡಿದೆ.

"ಅಕ್ಕೋರ ರೊಕ್ಕ ವಾಪಸ್ ಬಂತು. ನಿನ್ನ ತಪ್ಪಿಲ್ಲ" ಎಂದೆ.

"ನನಗ ಗೊತ್ತಿತ್ತು."

"ಬೆರಳಿನ ಕೆಳಗ ಏನಿತ್ತು?"

ಅವನು ಚಹಾದ ಗ್ಲಾಸು ಕೆಳಗಿಟ್ಟ. "ಅವನ ಮೆಸೇಜ್. ಬಾಗಲಕೋಟಿಯವನದು. ಮ್ಯಾಲನ ಬಂದು ಕುಂತಿತ್ತು, ಮುಚ್ಚಿದೆ."

"ಯಾವಾಗಿಂದ ಮಾತು ನಡದೈತಿ?"

"ನೀ ಅವತ್ತ ನಿನ್ನ ಮನ್ಯಾಗ 'ಯಾರ ಬ್ಯಾಂಕಿಗೆ' ಅಂದೆಲ್ಲ, ಅವತ್ತ ಎದಿಗಿ ಹತ್ತೇತಿ. ಹತ್ತೊಂಬತ್ತು ವರ್ಷ ನಿನ್ನ ಪಟ್ಟಿ ಎಲ್ಲಿಂದ ಬರ್ತೈತಿ ಅಂತ ನಾ ಒಬ್ಬರ ಮುಂದರ ಬಾಯಿ ಬಿಟ್ಟೀನೇನ? ನೀ ನನ್ನ ಕೈ ಕಾಯಾಕ ಹತ್ತಿದಿ. ಕಾಯೋರ ಜೋಡಿ ಕೂತು ನುಡಸಾಕ ಆಗಂಗಿಲ್ಲಲೇ."

"ಅದಕ್ಕ ನನಗ ಆರಾಮ ಇಲ್ಲಂತ ಸುಳ್ಳ ಹೇಳಿದೆ?"

"ಹೇಳಿದೆ" ಎಂದ. ತಲೆ ಎತ್ತಲಿಲ್ಲ.

ದುಡ್ಡಿನ ವಿಷಯದಲ್ಲಿ ನನ್ನ ಅನುಮಾನ ಸುಳ್ಳಾಗಿತ್ತು, ಬಚ್ಚಿಡುತ್ತಿದ್ದಾನೆ ಎನ್ನುವುದು ಖರೆಯಾಗಿತ್ತು. ನನ್ನ ಅನುಮಾನದಿಂದ ಅವನು ಬಚ್ಚಿಟ್ಟನೋ, ಬಚ್ಚಿಡುವ ಮನಸ್ಸು ಮೊದಲೇ ಇದ್ದು ಅದು ನನಗೆ ವಾಸನೆ ಬಡಿಯಿತೋ, ಇವತ್ತಿಗೂ ಹೇಳಲಾರೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಇಬ್ಬರೂ ಕೂಡಿ ಕೆಡಿಸಿಕೊಂಡ್ರಿ" ಎಂದಳು, ಅಷ್ಟೇ.

ಆ ಚಳಿಗಾಲ ಬಾದಾಮಿಯ ಕೆಲಸ ನನ್ನ ಕೈಬಿಟ್ಟಿತು. ತಹಶೀಲ್ದಾರ್ ಕಚೇರಿಗೆ, ಬ್ಯಾಂಕಿಗೆ ಓಡಾಡಿ ಅಪ್ಪನ ಹೆಸರು ಸರಿಮಾಡಿಸಿ ನನ್ನದೇ ಮಷಿನ್ ತರಿಸಿದೆ. ಸಂಗೀತಕ್ಕೆ ಮೊಬೈಲಿನಲ್ಲಿ ತುಂಬಿಸಿದ ಟ್ಯೂನು ಹಚ್ಚುತ್ತೇನೆ. ಕೈ ತಡವಾದರೆ ಅದು ಕಾಯುವುದಿಲ್ಲ, ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಒಮ್ಮೆ ಹುನಗುಂದದ ಮದುವೆಯಲ್ಲಿ ಪಾರಿವಾಳ ಹಾರುವ ಮೊದಲೇ ಸಂಗೀತ ಮುಗಿದು, ಮಂಟಪದಲ್ಲಿ ರೆಕ್ಕೆಯ ಸದ್ದೊಂದೇ ಕೇಳಿತು.

ಕಳೆದ ತಿಂಗಳು ಇಳಕಲ್‌ನ ಗ್ರಾನೈಟ್ ಮಾಲೀಕರೊಬ್ಬರು ಮಗಳ ನಿಶ್ಚಿತಾರ್ಥಕ್ಕೆ ಕರೆದರು. "ಮೊದಲಿನಂಗ ಇಬ್ಬರೂ ಬರ್ರಿ. ಆ ಎಮ್ಮಿ ಕೂಗು ನಮ್ಮ ತಾಯಿಗೆ ಭಾಳ ಸೇರ್ತದ" ಎಂದರು. ಒಂದು ದಿನ ಯೋಚಿಸಿ ಫೋನ್ ಮಾಡಿದೆ. ಅವನು "ಬರ್ತೇನಿ" ಎಂದಷ್ಟೇ ಹೇಳಿದ. ಬಂದ, ನುಡಿಸಿದ, ಕೂಗಿದ. ಮುದುಕಿ ಕಣ್ಣೀರು ಬರುವಷ್ಟು ನಕ್ಕಳು. ಮಾಲೀಕರು ಕಾರ್ಡು ತೆಗೆದಾಗ ಇಬ್ಬರೂ ತಂತಮ್ಮ ಮಷಿನ್ನಿಗೆ ಕೈ ಹಾಕಿ ಅಲ್ಲೇ ನಿಲ್ಲಿಸಿದೆವು.

"ನಿಂದರಾಗ ಮಾಡು" ಎಂದ.

ಮಾಡಿದೆ. ಮರುದಿನಕ್ಕೆ ಕಾಯಿಸದೆ, ಅವನ ಪಾಲನ್ನು ನನ್ನ ಖಾತೆಯಿಂದ ಅಲ್ಲೇ ನಿಂತು ಕಳಿಸಿದೆ. ಅವನು ಕೀಬೋರ್ಡನ್ನು ಬೈಕಿಗೆ ಕಟ್ಟುತ್ತಿದ್ದವನು ಕೈ ನಿಲ್ಲಿಸಿ, ಫೋನ್ ತೆಗೆದು ನೋಡುತ್ತಾ ನಿಂತ. ಮೆಸೇಜು ಬರುವುದು ಸ್ವಲ್ಪ ತಡವಾಯಿತು. ನಾನೂ ನಿಂತೆ. ಬಂದ ಮೇಲೆ ಒಮ್ಮೆ ಓದಿ, ಫೋನ್ ಒಳಗಿಟ್ಟು, ಹಗ್ಗ ಬಿಗಿದ.

"ತಂಗೀದು ಮೊಣಕಾಲ್ನೋವು ಹೆಂಗೈತಿ?" ಎಂದು ನನ್ನ ಹೆಂಡತಿಯ ಬಗ್ಗೆ ಕೇಳಿದ.

"ಮಾಲಿಷ್ ನಡದೈತಿ."

"ಕೇಳಿದೆ ಅಂತ ಹೇಳು."

ಗಾಡಿ ಚಾಲೂ ಮಾಡಿ, ಮೊದಲಿನಂತೆ ಹಾರ್ನ್ ಹೊಡೆಯದೆ, ಹುನಗುಂದದ ರಸ್ತೆಗೆ ತಿರುಗಿದ.